ಹಿಮಗಾಲದಲ್ಲಿ ಮನೆ ರಿಪೇರಿ, ಆಮೇಲೆ ಮಾರಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾರುವುದಕ್ಕೆಂದೇ ಕೊಂಡ ಹಳೆ ಮನೆಗೆ ಒಳಗೆಲ್ಲ ಹೊಸದಾಗಿ ಜಿಪ್ಸಂ ಪ್ಲಾಸ್ಟರ್ ಮಾಡಿಸಿದೆವು. ಹೊರಗೆ ಹಿಮ. ಬೇಗ ಒಣಗಲಿ ಎಂದು ಕಿಟಕಿ ಮುಚ್ಚಿ ಎರಡು ಗ್ಯಾಸ್ ಹೀಟರ್ ಹಗಲೂ ರಾತ್ರಿ ಉರಿಸಿದೆವು. ಹತ್ತನೇ ದಿನ ಪೇಂಟ್ ಆಯಿತು. ಈಗ ಗಾಜಿನ ಮೇಲೆ ನೀರಿಳಿಯುತ್ತಿದೆ, ಮೂಲೆಗಳಲ್ಲಿ ಕಪ್ಪು ಚುಕ್ಕೆ ಬಂದಿದೆ, ಬಾತ್‌ರೂಮ್ ಗೋಡೆಯಲ್ಲಿ ಅಂಟಂಟಾದ ಕಂದು ಗೆರೆಗಳಿವೆ. ಪೇಂಟ್ ಕಳಪೆಯೇ?

ಉತ್ತರ: ಪೇಂಟಿನ ಮೇಲೆ ದೂರು ಹಾಕಬೇಡಿ. ಗೋಡೆ ಒಣಗಿಯೇ ಇರಲಿಲ್ಲ. ಒಣಗಿಸಲು ಇಟ್ಟ ಹೀಟರೇ ಮನೆಯೊಳಗೆ ನೀರು ತುಂಬುತ್ತಿತ್ತು.

ಲೆಕ್ಕ ನೋಡಿ. 25 ಕಿಲೋದ ಒಂದು ಚೀಲ ಫಿನಿಶಿಂಗ್ ಪ್ಲಾಸ್ಟರ್ ಕಲಸಲು ಸುಮಾರು 11-12 ಲೀಟರ್ ನೀರು ಬೇಕು. ಜಿಪ್ಸಂ ಗಟ್ಟಿಯಾಗುವಾಗ ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ನಾಲ್ಕೂವರೆ ಲೀಟರಿನಷ್ಟು ಮಾತ್ರ. ಮಿಕ್ಕ ಏಳು ಲೀಟರ್ ಗಾಳಿಗೆ ಹೋಗಬೇಕು. ಇಪ್ಪತ್ತು ಚೀಲ ಬಳಸಿದ್ದರೆ 140 ಲೀಟರ್. ಅದರ ಮೇಲೆ, ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರಿನಲ್ಲಿ ಒಂದು ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋ ನೀರಾವಿ ಹೊರಬರುತ್ತದೆ. ಕಿಟಕಿ ಮುಚ್ಚಿದ್ದೀರಿ, ಆ ಆವಿ ಹೋಗುವುದಾದರೂ ಎಲ್ಲಿಗೆ? ಕೋಣೆ 20 ಡಿಗ್ರಿ ಇದ್ದು ತೇವಾಂಶ ಶೇ. 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಎಲ್ಲದರ ಮೇಲೂ ಅದು ನೀರಾಗಿ ಕೂರುತ್ತದೆ. ಹೊರಗೋಡೆಯ ಮೂಲೆಗಳು ಅಷ್ಟು ತಣ್ಣಗಿರುವುದು ಸಾಮಾನ್ಯ. ಕಪ್ಪು ಬೂಷ್ಟು ಅಲ್ಲಿಂದಲೇ ಶುರು. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಅಪಾಯ ಬೇರೆ. ಅಂಥ ಹೀಟರ್ ಉರಿಯುವ ಮನೆಯಲ್ಲಿ ಅಲಾರಂ ಇಲ್ಲದೆ ಯಾರನ್ನೂ ಮಲಗಿಸಬೇಡಿ, ಕೆಲಸಕ್ಕೂ ಹಚ್ಚಬೇಡಿ.

ಈಗ ಮಾಡಬೇಕಾದದ್ದು: ಗ್ಯಾಸ್ ಹೀಟರ್ ತೆಗೆದು ವಿದ್ಯುತ್ ಹೀಟರ್ ಇಡಿ, ಇಲ್ಲವೇ ಹೊಗೆ ಹೊರಗೆ ಹೋಗುವಂಥದ್ದನ್ನು ಇಡಿ. ಹದಿನೈದು ಡಿಗ್ರಿಗೆ ಕಮ್ಮಿಯಾಗದಂತೆ ಒಂದೇ ಸಮನೆ ಕಾಯಿಸಿ. ಒಮ್ಮೆಲೇ ಮೂವತ್ತಕ್ಕೆ ಏರಿಸಿದರೆ ಹೊಸ ಪ್ಲಾಸ್ಟರ್ ಬಿರುಕು ಬಿಡುತ್ತದೆ. ದಿನಕ್ಕೆ ಮೂರ್ನಾಲ್ಕು ಸಲ ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆಯಿರಿ. ಬೆಚ್ಚಗಿನ ಒದ್ದೆ ಗಾಳಿ ಹೋಗಿ ಬರುವ ತಣ್ಣನೆ ಗಾಳಿಯಲ್ಲಿ ನೀರಿನಂಶ ಬಹಳ ಕಮ್ಮಿ, ಕಾದ ಮೇಲೆ ಅದು ಗೋಡೆಯ ತೇವವನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಬಾಡಿಗೆಗೆ ತರುವಾಗ ಕೇಳಿ ತನ್ನಿ: ಕಂಪ್ರೆಸರ್ ಇರುವಂಥದ್ದು ತಣ್ಣನೆ ಮನೆಯಲ್ಲಿ ಕಾಯಿಲ್‌ಗೆ ಹಿಮ ಕಟ್ಟಿಕೊಂಡು ಸುಮ್ಮನೆ ಕೂರುತ್ತದೆ, ಕಾಯಿಸದ ಮನೆಗೆ ಡೆಸಿಕೆಂಟ್ (ತೇವ ಹೀರುವ ವಸ್ತು ಇರುವ) ಬಗೆಯದೇ ಬೇಕು.

ಬೂಷ್ಟನ್ನು ಒಣ ಬ್ರಷ್‌ನಿಂದ ಉಜ್ಜಬೇಡಿ, ಬೀಜಕಣ ಮನೆಯೆಲ್ಲ ಹಾರುತ್ತದೆ. ಮಾಸ್ಕ್, ಕೈಗವಸು ಹಾಕಿಕೊಂಡು ಸೋಪುನೀರಿನ ಬಟ್ಟೆಯಿಂದ ಒರೆಸಿ, ಗೋಡೆ ಒಣಗಲು ಬಿಡಿ. ಕಂದು ಗೆರೆ ಎಂದರೆ ಪೇಂಟಿನೊಳಗಿನ ಸೋಪಿನಂಥ ಅಂಶ ತೇವಕ್ಕೆ ಮೇಲೆದ್ದು ಬಂದದ್ದು. ಉಗುರುಬೆಚ್ಚಗಿನ ನೀರಿನಿಂದ ತೊಳೆದರೆ ಹೋಗುತ್ತದೆ. ಮತ್ತೆ ಒಂದೆರಡು ಸಲ ಬರಬಹುದು, ಆಗಲೂ ಅಷ್ಟೇ ಮಾಡಿ. ಕೈಯಾಡಿಸಿದರೆ ಪುಡಿ ಉದುರುವ ಜಾಗ ಮಾತ್ರ ಹೆರೆದು ಮತ್ತೆ ಬಳಿಯಬೇಕು. ತಣ್ಣನೆ ಗೋಡೆಯ ಮೇಲೆ ಎಮಲ್ಷನ್ನಿನ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಪದರವಾಗಿರುವುದಿಲ್ಲ. ಡಬ್ಬಿಯ ಮೇಲೆ ಕನಿಷ್ಠ 10 ಡಿಗ್ರಿ ಎಂದು ಬರೆದಿದ್ದರೆ ಅದು ಗಾಳಿಗಷ್ಟೇ ಅಲ್ಲ, ಗೋಡೆಗೂ ಸೇರಿದ ಮಾತು. ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ಗೋಡೆಯನ್ನೇ ಅಳೆಯಿರಿ. ಆವಿ ನೀರಾಗಿ ಕೂರುವ ಮಟ್ಟಕ್ಕಿಂತ (ಮೇಲಿನ ಲೆಕ್ಕದಲ್ಲಿ 12 ಡಿಗ್ರಿ) ಗೋಡೆ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು, ರಾತ್ರಿಯೂ.

ಪ್ರಶ್ನೆ: ಕೆಲಸ ಮುಗಿದು ಗಿರಾಕಿ ಸಿಗುವವರೆಗೆ ಮನೆ ಎರಡು ತಿಂಗಳು ಖಾಲಿ. ಹೀಟಿಂಗ್ ಆರಿಸಿ ಮೇನ್ ವಾಲ್ವ್ ಮುಚ್ಚಿದರೆ ಸಾಕಲ್ಲವೇ?

ಉತ್ತರ: ಸಾಲದು. ವಾಲ್ವ್ ಮುಚ್ಚಿದರೂ ಪೈಪಿನೊಳಗೆ ನೀರು ಇದ್ದೇ ಇರುತ್ತದೆ. ಹೆಪ್ಪುಗಟ್ಟಿದ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪೈಪ್ ಒಡೆಯುವುದು ಹೆಚ್ಚಾಗಿ ಮಂಜುಗಡ್ಡೆ ಇರುವ ಜಾಗದಲ್ಲಲ್ಲ, ಆ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡದಿಂದ. ಒಡೆದದ್ದು ಆಗ ಗೊತ್ತಾಗುವುದಿಲ್ಲ. ಚಳಿ ಇಳಿದು ಗಡ್ಡೆ ಕರಗಿ, ಮೇನ್ ಮತ್ತೆ ತೆರೆದಾಗ ನೀರು ಸುರಿದು ಹೊಸ ಸೀಲಿಂಗ್ ಕೆಳಗೆ ಬೀಳಬಹುದು.

ಎರಡೇ ದಾರಿ. ಮನೆಯನ್ನು 12-13 ಡಿಗ್ರಿಯಲ್ಲಿ ಇಟ್ಟು ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡುವುದು ಒಂದು. ಹೊರಗೋಡೆಯೊಳಗೆ ಹೋಗುವ ಪೈಪಿಗೆ ಕೋಣೆಯ ಶಾಖ ತಾಗಬೇಕು. ಇನ್ನೊಂದು, ಪೂರ್ತಿ ಬರಿದು ಮಾಡುವುದು. ಮೊದಲು ವಾಟರ್ ಹೀಟರಿನ ವಿದ್ಯುತ್ ಅಥವಾ ಗ್ಯಾಸ್ ಆರಿಸಿ. ಈ ಹೆಜ್ಜೆ ಮರೆತರೆ ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಸುಟ್ಟುಹೋಗುತ್ತದೆ. ಆಮೇಲೆ ಮೇನ್ ಮುಚ್ಚಿ, ಮೇಲಿನ ಮಹಡಿಯಿಂದ ಶುರುಮಾಡಿ ಬಿಸಿ-ತಣ್ಣೀರಿನ ಎಲ್ಲ ನಲ್ಲಿ ತೆರೆದು, ಅತಿ ಕೆಳಗಿನ ಡ್ರೇನ್‌ನಿಂದ ನೀರು ಬಿಡಿ. ಹೀಟರ್ ಟ್ಯಾಂಕ್ ಬರಿದು ಮಾಡಿ. ಫ್ಲಶ್ ಮಾಡಿ, ಸಿಸ್ಟರ್ನಿನ ತಳದಲ್ಲಿ ಉಳಿದದ್ದನ್ನು ಸ್ಪಾಂಜಿನಿಂದ ತೆಗೆಯಿರಿ. ಪೈಪಿನ ತಗ್ಗಿನಲ್ಲಿ ನಿಂತ ನೀರನ್ನು ಏರ್ ಕಂಪ್ರೆಸರ್‌ನಿಂದ 3 ಬಾರ್ ಮೀರದ ಒತ್ತಡದಲ್ಲಿ ಊದಿ ಹೊರಹಾಕಿ. ಕೊನೆಗೆ ಪ್ರತಿ ಸಿಂಕ್, ಷವರ್, ನೆಲದ ಟ್ರ್ಯಾಪ್ (ನೀರು ನಿಂತು ವಾಸನೆ ತಡೆಯುವ ಬಾಗಿದ ಪೈಪ್) ಮತ್ತು ಕಮೋಡಿಗೆ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ ಸುರಿಯಿರಿ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಬೇಡವೇ ಬೇಡ. ಟ್ರ್ಯಾಪ್ ಖಾಲಿ ಬಿಟ್ಟರೂ ತಪ್ಪೇ: ಚರಂಡಿ ವಾಸನೆ ಮೇಲೆ ಬಂದು ಮನೆ ನೋಡಲು ಬಂದವರು ಬಾಗಿಲಲ್ಲೇ ಹಿಂದೆ ಸರಿಯುತ್ತಾರೆ.

ಡಿಶ್‌ವಾಷರ್, ವಾಷಿಂಗ್ ಮೆಷಿನ್, ಫ್ರಿಜ್ಜಿನ ಐಸ್ ಮೇಕರ್, ಹೊರಗಿನ ತೋಟದ ನಲ್ಲಿ: ಜನ ಮರೆಯುವುದು ಈ ನಾಲ್ಕನ್ನೇ. ಬಿಸಿನೀರು ಹರಿಯುವ ರೇಡಿಯೇಟರ್ ವ್ಯವಸ್ಥೆ ಇದ್ದರೆ ಅದರ ಲೈನ್ ಬೇರೆ, ಅದನ್ನೂ ಬರಿದು ಮಾಡಬೇಕು. ವಿಮೆಯ ಪತ್ರವನ್ನೂ ಓದಿ. ಮನೆ ಇಂತಿಷ್ಟು ದಿನ ಖಾಲಿ ಇದ್ದರೆ ನೀರಿನ ಹಾನಿಗೆ ಪರಿಹಾರ ಇಲ್ಲ ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿರುತ್ತದೆ.

ಪ್ರಶ್ನೆ: ಮುಂಬಾಗಿಲ ಮೆಟ್ಟಿಲಿಗೆ ಈಗಲೇ ಕಾಂಕ್ರೀಟ್ ಹಾಕಬಹುದೇ?

ಉತ್ತರ: ನೆಲ ಹೆಪ್ಪುಗಟ್ಟಿದ್ದರೆ ಬೇಡ, ಕರಗಿದ ಮೇಲೆ ಮೆಟ್ಟಿಲು ಕುಸಿಯುತ್ತದೆ. ನೆಲ ಸರಿಯಿದ್ದು ಗಾಳಿ 5 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಬೆಚ್ಚಗಿನ ನೀರಿನಲ್ಲಿ ಕಲಸಿ, ಶಾಖ ಹಿಡಿದಿಡುವ ಕ್ಯೂರಿಂಗ್ ಕಂಬಳಿ ಹೊದಿಸಿ. ಹಸಿ ಕಾಂಕ್ರೀಟ್ ಸುಮಾರು 3.5 ಮೆಗಾಪಾಸ್ಕಲ್ ಬಲ ಪಡೆಯುವ ಮುಂಚೆ ಒಮ್ಮೆ ಹೆಪ್ಪುಗಟ್ಟಿದರೂ ಕೆಟ್ಟಂತೆಯೇ. ಅಂಚು, ಮೂಲೆಗಳು ಮೊದಲು ತಣ್ಣಗಾಗುವುದರಿಂದ ಅಲ್ಲಿ ಕಂಬಳಿ ಎರಡು ಪದರ ಇರಲಿ.

ಪ್ರಶ್ನೆ: ಮರದ ನೆಲಹಾಸು ಬಂದು ಬಿದ್ದಿದೆ. ಪ್ಲಾಸ್ಟರ್ ಇನ್ನೂ ಹಸಿ. ಸಮಯ ಉಳಿಸಲು ಹಾಕಿಬಿಡಲೇ?

ಉತ್ತರ: ದಯವಿಟ್ಟು ಬೇಡ. ಹಲಗೆಗಳನ್ನು ಆ ಮನೆಯೊಳಗೆ ಇಡುವುದೂ ಬೇಡ, ಪ್ಲಾಸ್ಟರಿನ ತೇವ ಕುಡಿದು ಉಬ್ಬುತ್ತವೆ. ಉಬ್ಬಿದ ಹಲಗೆಯನ್ನು ಬಿಗಿಯಾಗಿ ಜೋಡಿಸಿದರೆ, ಹೀಟಿಂಗ್ ಸರಿಯಾಗಿ ಓಡಲು ಶುರುವಾದ ಮೇಲೆ ಕುಗ್ಗಿ ಸಂದು ಬಿಡುತ್ತವೆ, ಅದೂ ಕೊಂಡವರ ಕಣ್ಣೆದುರು. ಮನೆಯನ್ನು ಜನ ವಾಸಿಸುವ ಶಾಖಕ್ಕೆ ತಂದು, ತೇವಾಂಶ ಶೇ. 30-50ರಲ್ಲಿ ನಿಲ್ಲಿಸಿ, ಆಮೇಲೆ ಹಲಗೆ ಒಳಗೆ ತನ್ನಿ. ದಿನ ಎಣಿಸಬೇಡಿ, ಮೀಟರ್ ಹಿಡಿದು ನೋಡಿ: ಅಗಲ ಹಲಗೆಗೂ ಕೆಳಗಿನ ಮರದ ತಳಕ್ಕೂ ತೇವದ ವ್ಯತ್ಯಾಸ ಶೇಕಡಾ ಲೆಕ್ಕದಲ್ಲಿ 2 ಅಂಕ ಮೀರಬಾರದು, ಮೂರು ಇಂಚಿಗಿಂತ ಕಿರಿದಾದ ಪಟ್ಟಿಗಾದರೆ 4. ತೀರಾ ಒಣ ಗಾಳಿಯಲ್ಲಿ ಹಾಕಿದರೆ ತದ್ವಿರುದ್ಧ, ಮಳೆಗಾಲಕ್ಕೆ ಹಿಗ್ಗಿ ಮೇಲೇಳುತ್ತದೆ. ಗೋಡೆಯ ಸುತ್ತ ತಯಾರಕರು ಹೇಳಿದಷ್ಟು ಸಂದು ಬಿಟ್ಟು ಸ್ಕರ್ಟಿಂಗ್‌ನಿಂದ ಮುಚ್ಚಿ.

ಪ್ರಶ್ನೆ: ಸೀಲಿಂಗಿನಲ್ಲಿ ಹಳದಿ ಕರೆ ಇದೆ. ಮಾಡಿನ ಮೇಲೆ ಹಿಮ, ಹತ್ತಿ ನೋಡುವಂತಿಲ್ಲ. ಕರೆ ಮೇಲೇಳದಂತೆ ತಡೆಯುವ ಸ್ಟೇನ್ ಬ್ಲಾಕ್ ಪ್ರೈಮರ್ ಬಳಿದು ಮನೆ ತೋರಿಸಬಹುದೇ?

ಉತ್ತರ: ಕಾರಣ ಗೊತ್ತಾಗದೆ ಬಳಿದರೆ ಅದು ಮುಚ್ಚಿಟ್ಟಂತೆ. ಅಟ್ಟಕ್ಕೆ ಹೋಗಿ ಟಾರ್ಚ್ ಬಿಟ್ಟು ನೋಡಿ. ಮಾಡಿನ ಹಲಗೆಯ ಒಳಮೈಯಲ್ಲಿ, ಮೊಳೆಗಳ ತುದಿಯಲ್ಲಿ ಬಿಳಿ ಹಿಮ ಕಟ್ಟಿದ್ದರೆ ಅದು ಸೋರಿಕೆಯಲ್ಲ. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಅಟ್ಟಕ್ಕೇ ಗಾಳಿ ಬಿಡುತ್ತಿರಬಹುದು, ಇಲ್ಲವೇ ಸೀಲಿಂಗಿನ ಸಂದುಗಳಿಂದ ಬೆಚ್ಚಗಿನ ಗಾಳಿ ಮೇಲೇರುತ್ತಿರಬಹುದು. ಡಕ್ಟನ್ನು ಹೊರಗಿನವರೆಗೆ ಒಯ್ದು ಇನ್ಸುಲೇಶನ್ ಸುತ್ತಿ, ದೀಪ-ಪೈಪುಗಳ ಸುತ್ತಲಿನ ಸಂದು ಮುಚ್ಚಿ, ಆಮೇಲೆ ಅಟ್ಟಕ್ಕೆ ಇನ್ಸುಲೇಶನ್ ಹೆಚ್ಚಿಸಿ. ಕ್ರಮ ಹಿಂದುಮುಂದಾದರೆ ಅಟ್ಟ ಇನ್ನಷ್ಟು ತಣ್ಣಗಾಗಿ ಹಿಮ ಹೆಚ್ಚುತ್ತದೆ. ಚಿಮಣಿಯ ಬುಡದಿಂದ ನೀರಿನ ಜಾಡು ಬಂದಿದ್ದರೆ ಅದು ಹೆಚ್ಚಾಗಿ ಫ್ಲಾಶಿಂಗ್ (ಚಿಮಣಿ ಮಾಡಿಗೆ ಸೇರುವ ಸಂದನ್ನು ಮುಚ್ಚುವ ತಗಡು) ದೋಷ, ಮಾಡಿನವರನ್ನೇ ಕರೆಯಬೇಕು.

ಮಾಡಿಗೆ ಹೊದಿಸುವ ಡಾಂಬರು ಶಿಂಗಲ್ ಬದಲಿಸಿದರೆ ಒಂದು ಮಾತು: ಅದರ ಅಂಟುಪಟ್ಟಿ ಬಿಸಿಲಿನ ಶಾಖಕ್ಕೆ ಹಿಡಿಯುವಂಥದ್ದು, ಚಳಿಯಲ್ಲಿ ಹಿಡಿಯದು. ಪ್ರತಿ ಶಿಂಗಲ್ ಅಡಿಯಲ್ಲಿ ಡಾಂಬರು ಸಿಮೆಂಟಿನ ಬೊಟ್ಟಿಟ್ಟು ಕೈಯಿಂದ ಒತ್ತಿಸಿ. ಕೆಲಸ ನಡೆಯುವಾಗಲೇ ಮಾಡಿನ, ತೆರೆದ ಗೋಡೆಯ, ಪೈಪುಗಳ ಫೋಟೋ ತೆಗೆದು ತಾರೀಖಿನೊಂದಿಗೆ ಇಡಿ. ಮಾಡು ಹಿಮದಡಿ ಇರುವಾಗ ಪರಿಶೀಲನೆಗೆ ಬಂದವರಿಗೆ ನೋಡಲು ಸಿಗುವುದು ಆ ಫೋಟೋಗಳೇ. ಹಳೆ ಕರೆಯ ಫೋಟೋ, ದುರಸ್ತಿಯ ರಶೀದಿ ಎರಡನ್ನೂ ಅವರ ಕೈಗೆ ಕೊಡಿ. ಪ್ರೈಮರ್ ಬಳಿಯುವುದು ಆ ದುರಸ್ತಿ ಆಗಿ, ಸೀಲಿಂಗ್ ಮೀಟರಿನಲ್ಲಿ ಒಣಗಿದ್ದು ಕಂಡ ಮೇಲೆ.