‘ಸೂಕ್ತ ಕ್ರಮ ಜರುಗಿಸಲಾಗುವುದು’: ಯಾರು, ಎಷ್ಟು ದಿನದಲ್ಲಿ?

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಪರಿಶೀಲನೆ ಬರುತ್ತದೆ ಎಂದ ಕೂಡಲೇ ನಮ್ಮ ಕಡೆಯ ಕಾಲೇಜುಗಳಿಗೆ ಲೈಂಗಿಕ ಕಿರುಕುಳ ತಡೆ ನೀತಿ ನೆನಪಾಗುತ್ತದೆ, ಅವವೇ ಪ್ರಶ್ನೆಗಳು ಬರುತ್ತವೆ. ಈ ಸಲ ಒಂದಕ್ಕೆ ಬಿಡಿಸಿ ಉತ್ತರ ಕೊಟ್ಟಿದ್ದೇನೆ. ಉಳಿದವಕ್ಕೆ ಅಷ್ಟು ಜಾಗ ಬೇಕಿಲ್ಲ.

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಪದವಿ ಕಾಲೇಜು. ನೀತಿಯ ಕರಡು ಹೀಗಿದೆ: ‘ವಿದ್ಯಾರ್ಥಿನಿಯರೊಂದಿಗೆ ಅಸಭ್ಯ ವರ್ತನೆ ಕಂಡುಬಂದಲ್ಲಿ ಪ್ರಾಚಾರ್ಯರ ಗಮನಕ್ಕೆ ತರತಕ್ಕದ್ದು. ಪರಿಶೀಲಿಸಿ ಸೂಕ್ತ ಕ್ರಮ ಜರುಗಿಸಲಾಗುವುದು. ಸುಳ್ಳು ದೂರು ನೀಡಿದವರ ಮೇಲೆ ಕಠಿಣ ಕ್ರಮ ಕೈಗೊಳ್ಳಲಾಗುವುದು.’ ಇಷ್ಟು ಸಾಕಲ್ಲವೇ?

ಉತ್ತರ: ಸಾಲದು. ಮೂರು ವಾಕ್ಯದಲ್ಲಿ ಗಟ್ಟಿಯಾಗಿರುವುದು ಬೆದರಿಕೆ ಒಂದೇ, ಅದೂ ದೂರು ಕೊಡುವವಳಿಗೆ.

ಮೊದಲ ವಾಕ್ಯ ನೋಡಿ. ಅಸಭ್ಯ ಯಾವುದು ಎಂಬುದಕ್ಕೆ ಸ್ಟಾಫ್ ರೂಮಿನಲ್ಲಿ ಹತ್ತು ಮಂದಿಯದು ಹತ್ತು ಲೆಕ್ಕ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ (ಪೋಶ್) ಅಳತೆ ಬೇರೆ: ಎದುರಿನವರಿಗೆ ಅದು ಬೇಡವಾಗಿತ್ತೇ? ಮೈ ಮುಟ್ಟುವುದು, ಲೈಂಗಿಕ ಬೇಡಿಕೆ ಇಡುವುದು, ಲೈಂಗಿಕ ಅರ್ಥದ ಮಾತಾಡುವುದು, ಅಶ್ಲೀಲ ಚಿತ್ರ ತೋರಿಸುವುದು, ಲೈಂಗಿಕ ಸ್ವರೂಪದ ಬೇರಾವುದೇ ಬೇಡದ ನಡೆ. ಈ ಐದನ್ನೂ ಬರೆದು ಕಾಲೇಜಿನ ಉದಾಹರಣೆ ಕೊಡಿ: ಇಂಟರ್ನಲ್ ಅಂಕದ ಆಸೆ ತೋರಿಸುವುದು, ವೈವಾದಲ್ಲಿ ನೋಡಿಕೊಳ್ಳುತ್ತೇನೆ ಎಂದು ಹೆದರಿಸುವುದು, ಬೇಡವೆಂದರೂ ರಾತ್ರಿ ಅಂಥ ವಾಟ್ಸ್ಆ್ಯಪ್ ಮೆಸೇಜ್ ಕಳಿಸುವುದು.

‘ವಿದ್ಯಾರ್ಥಿನಿಯರೊಂದಿಗೆ’ ಎಂದಿರಿ, ಅತಿಥಿ ಉಪನ್ಯಾಸಕಿಯೂ ಗುತ್ತಿಗೆ ಮೇಲೆ ಕಸ ಗುಡಿಸುವವರೂ ಹೊರಗುಳಿದರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿ ಗಂಡುಹುಡುಗರು, ತೃತೀಯ ಲಿಂಗಿ ವಿದ್ಯಾರ್ಥಿಗಳು ಕೂಡ ಇದಕ್ಕೆ ಈಡಾಗಬಹುದು ಎಂದು ಒಪ್ಪಿ, ಎಲ್ಲರ ಮೇಲಿನ ಲಿಂಗಾಧಾರಿತ ಹಿಂಸೆಯ ವಿರುದ್ಧ ಕ್ರಮ ಕೈಗೊಳ್ಳಲು ಹೇಳಿದೆ. ಸ್ಥಳವನ್ನೂ ಬರೆಯಿರಿ. ಹಾಸ್ಟೆಲ್, ಕ್ಯಾಂಟೀನ್, ಕಾಲೇಜು ಬಸ್ಸು, ಇಂಟರ್ನ್‌ಶಿಪ್, ಪ್ರವಾಸ, ಹಳ್ಳಿಯಲ್ಲಿ ಹೂಡುವ ಎನ್ನೆಸ್ಸೆಸ್ ಶಿಬಿರ ಎಲ್ಲವೂ ಆ ನಿಯಮದ ಪ್ರಕಾರ ಕ್ಯಾಂಪಸ್ಸೇ. ‘ಗೇಟಿನ ಹೊರಗೆ ನಡೆದದ್ದು ನಮಗೆ ಸಂಬಂಧವಿಲ್ಲ’ ಎಂಬ ಹಳೆಯ ಸಬೂಬು ನಡೆಯುವುದಿಲ್ಲ.

ಇನ್ನು ‘ಪ್ರಾಚಾರ್ಯರ ಗಮನಕ್ಕೆ’. ದೂರು ಹೋಗಬೇಕಾದದ್ದು ಆಂತರಿಕ ದೂರು ಸಮಿತಿಗೆ. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರಂಥ ಆಡಳಿತದ ಹಿರಿಯರು ಅದರಲ್ಲಿ ಕೂರುವಂತಿಲ್ಲ. ಕಾಲೇಜಿನಲ್ಲಿ ಅಧ್ಯಕ್ಷೆ ಸಹ ಪ್ರಾಧ್ಯಾಪಕಿಗಿಂತ ಕೆಳಗಿನವರಾಗಬಾರದು. ಅಂಥವರು ಇಲ್ಲದಿದ್ದರೆ ಸಂಸ್ಥೆಯ ಬೇರೆ ಘಟಕದಿಂದ ನೇಮಿಸಬಹುದು. ಜೊತೆಗೆ ಇಬ್ಬರು ಬೋಧಕರು, ಇಬ್ಬರು ಬೋಧಕೇತರರು, ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತ ವಿದ್ಯಾರ್ಥಿಗಳು, ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯಿಂದ ಹೊರಗಿನ ಒಬ್ಬರು. ಕನಿಷ್ಠ ಅರ್ಧ ಮಹಿಳೆಯರು. ಆಡಳಿತ ಮಂಡಳಿಯವರ ಸೊಸೆಯನ್ನು ತಂದು ‘ಹೊರಗಿನ ಸದಸ್ಯೆ’ ಎನ್ನಬೇಡಿ. ಸದಸ್ಯರ ಹೆಸರು, ಮೊಬೈಲ್ ನಂಬರ್ ನೀತಿಯಲ್ಲೇ ಇರಲಿ. ದೂರಿನ ಇಮೇಲ್ ಆಫೀಸಿನ ಗುಮಾಸ್ತರ ಕಂಪ್ಯೂಟರಿನಲ್ಲಿ ಸದಾ ತೆರೆದೇ ಇದ್ದರೆ, ‘ಗೌಪ್ಯತೆ ಕಾಪಾಡಲಾಗುವುದು’ ಎಂದು ದಪ್ಪಕ್ಷರದಲ್ಲಿ ಬರೆದೇನು ಬಂತು?

ಎರಡನೆಯ ವಾಕ್ಯದಲ್ಲಿ ಕರ್ತೃವೂ ಇಲ್ಲ, ತಾರೀಖೂ ಇಲ್ಲ. ಹೀಗೆ ಬರೆಯಿರಿ: ‘ಘಟನೆ ನಡೆದ, ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯ, 3 ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ಬರೆಯಲು ಆಗದಿದ್ದರೆ ಸಮಿತಿಯ ಸದಸ್ಯರು ನೆರವಾಗಬೇಕು. ಕಾರಣ ದಾಖಲಿಸಿ ಸಮಿತಿ ಇನ್ನೂ 3 ತಿಂಗಳವರೆಗೆ ಅವಧಿ ಕೊಡಬಹುದು. ದೂರು ಬಂದ 7 ದಿನದೊಳಗೆ ಸಮಿತಿಯು ಪ್ರತಿಯನ್ನು ಎದುರುದಾರರಿಗೆ (ದೂರು ಯಾರ ಮೇಲಿದೆಯೋ ಅವರಿಗೆ) ಕಳಿಸಬೇಕು. ಅವರು 10 ದಿನದೊಳಗೆ ದಾಖಲೆ ಮತ್ತು ಸಾಕ್ಷಿಗಳ ಪಟ್ಟಿ ಸಮೇತ ಉತ್ತರ ಕೊಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಮುಗಿದ 10 ದಿನದೊಳಗೆ ವರದಿ ಆಡಳಿತಕ್ಕೆ ಹೋಗಬೇಕು, ಇಬ್ಬರಿಗೂ ಪ್ರತಿ ಸಿಗಬೇಕು. ಮೇಲ್ಮನವಿ ಇಲ್ಲದಿದ್ದರೆ 30 ದಿನದೊಳಗೆ ಆಡಳಿತವು ಶಿಫಾರಸು ಜಾರಿ ಮಾಡಬೇಕು.’

ದಿನದ ಲೆಕ್ಕ ಇದೆಯೆಂದು ಓಡಲೂಬೇಡಿ. ಪಕ್ಕದ ಗೋವಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸಮಿತಿ ಅವಸರದಲ್ಲಿ ವಿಚಾರಣೆ ಮುಗಿಸಿ, ಎದುರುದಾರರಿಗೆ ತಕ್ಕ ಅವಕಾಶ ಕೊಡಲಿಲ್ಲವೆಂದು ಸುಪ್ರೀಂ ಕೋರ್ಟ್ ಅವರನ್ನು ಕೆಲಸದಿಂದ ವಜಾ ಮಾಡಿದ ಆದೇಶವನ್ನೇ ರದ್ದು ಮಾಡಿ ಪುನಃ ಸಮಿತಿಗೆ ಕಳಿಸಿತು. ದೂರು 2009ರದು, ತೀರ್ಪು 2023ರದು. ದೂರು ಕೊಟ್ಟವರ ಪಾಡು ಏನಾಯಿತು ಎಂದು ಯೋಚಿಸಿ. ಹಾಗಾಗಿ ಪ್ರತಿ ಸಭೆಯ ನಡಾವಳಿ, ನೋಟಿಸಿನ ಸ್ವೀಕೃತಿ, ಹೇಳಿಕೆಯ ಕೆಳಗಿನ ಸಹಿ ಕಡತದಲ್ಲಿ ಇರಲೇಬೇಕು.

ಮಧ್ಯಂತರ ಪರಿಹಾರವನ್ನು ನಿಮ್ಮ ಕರಡು ಮರೆತೇಬಿಟ್ಟಿದೆ. ವಿಚಾರಣೆ ನಡೆಯುವಾಗ ಆ ಅಧ್ಯಾಪಕ ಆಕೆಯ ಪೇಪರ್ ತಿದ್ದುವಂತಿಲ್ಲ ಎಂದು ಬರೆಯಿರಿ. ತರಗತಿಯ ಸೆಕ್ಷನ್ ಬದಲಿಸುವುದಾದರೆ ಆಕೆಯನ್ನೇ ಎಬ್ಬಿಸಿ ಕಳಿಸಬೇಕೆಂದೇನಿಲ್ಲ; ಎದುರುದಾರರನ್ನೂ ಬದಲಿಸಬಹುದು.

ಮೂರನೆಯ ವಾಕ್ಯ. ಸುಳ್ಳು ದೂರಿನ ಕಲಮು ಇರಲಿ, ನಿಯಮವೇ ಅದನ್ನು ಕೇಳುತ್ತದೆ. ಆದರೆ ಅದೇ ನಿಯಮದ ಇನ್ನೆರಡು ಮಾತನ್ನು ಎಲ್ಲರೂ ನುಂಗಿಬಿಡುತ್ತಾರೆ: ಸಾಕ್ಷಿ ಒದಗಿಸಲು ಆಗಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ; ದುರುದ್ದೇಶವಿತ್ತು ಎಂಬುದನ್ನು ವಿಚಾರಣೆ ಮಾಡಿಯೇ ಸಾಬೀತು ಮಾಡಬೇಕು. ಮೂರನ್ನೂ ಒಟ್ಟಿಗೆ, ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿಸಿ.

ಪ್ರಶ್ನೆ: ತಮಾಷಿಗೆ ಅಂದದ್ದರಿ ಮೇಡಂ, ಮನಸಿನ್ಯಾಗ ಏನೂ ಇರಲಿಲ್ಲ. ಅದೂ ಕಿರುಕುಳ ಏನ್ರಿ? (ಹಾವೇರಿ)
ಉತ್ತರ: ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಕಾಯ್ದೆ ಮೊದಲು ಕೇಳುವುದಿಲ್ಲ, ಅವರಿಗೆ ಬೇಕಿತ್ತೇ ಎಂದು ಕೇಳುತ್ತದೆ.

ಪ್ರಶ್ನೆ: ನೀತಿಯಲ್ಲಿ ಹುಡುಗಿಯರ ಉಡುಪಿನ ನಿಯಮ ಸೇರಿಸಬಹುದೇ? (ಧಾರವಾಡ)
ಉತ್ತರ: ಬೇಡ.

ಪ್ರಶ್ನೆ: ಏಜೆನ್ಸಿಯೊಂದು ನೀತಿಯ ಜೊತೆ ‘ಪೋಶ್ ಸರ್ಟಿಫಿಕೇಟ್’ ಕೊಡುತ್ತೇನೆ ಎನ್ನುತ್ತಿದೆ. ತಗೊಳ್ಳೋಣವೇ? (ಹುಬ್ಬಳ್ಳಿ)
ಉತ್ತರ: ಕಾಲೇಜಿಗೆ ಅಂಥ ಸರ್ಟಿಫಿಕೇಟ್ ಇರಬೇಕೆಂದು ಕಾಯ್ದೆ ಎಲ್ಲೂ ಹೇಳಿಲ್ಲ. ಇವರು ಮಾರುವುದು ಯಾವುದೋ ಕಂಪನಿಯ ನೀತಿಯಲ್ಲಿ ಹೆಸರು ಬದಲಿಸಿದ ಪ್ರತಿ. ‘ಎಚ್‌ಆರ್ ಮ್ಯಾನೇಜರ್’, ‘ಕ್ಲೈಂಟ್ ಸೈಟ್’ ಎಂಬ ಪದಗಳು ಒಳಗೇ ಉಳಿದಿರುತ್ತವೆ. ಹಾಸ್ಟೆಲ್, ಪರೀಕ್ಷೆ, ಗೈಡ್ ಇವುಗಳ ಸುದ್ದಿಯೇ ಇರುವುದಿಲ್ಲ. ಆ ದುಡ್ಡಲ್ಲಿ ಸಮಿತಿಯವರಿಗೆ ತರಬೇತಿ ಕೊಡಿಸಿ.

ಪ್ರಶ್ನೆ: ಹುಡುಗಿಯ ಮನೆಯವರಿಗೆ ಒಂದಿಷ್ಟು ಕೊಟ್ಟು ರಾಜಿ ಮಾಡಿಸಬಹುದೇ?
ಉತ್ತರ: ದೂರುದಾರಳೇ ಕೇಳಿದರೆ ಮಾತ್ರ ರಾಜಿ. ಹಣದ ಮೇಲೆ ರಾಜಿ ಇಲ್ಲವೇ ಇಲ್ಲ.

ಪ್ರಶ್ನೆ: ನಮ್ಮ ಕ್ಯಾಂಪಸ್ಸಿನಲ್ಲೇ ಪಿಯು ಕಾಲೇಜೂ ಇದೆ. ಇದೇ ಸಮಿತಿ ಸಾಕೇ?
ಉತ್ತರ: 18 ತುಂಬದವರ ವಿಷಯ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆಗೆ ಬರುತ್ತದೆ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ಅಪರಾಧ ತಿಳಿದೂ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು ಇದೆ. ‘ಮೊದಲು ಸಮಿತಿ ಸಭೆ ಕರೆಯೋಣ, ಆಮೇಲೆ ನೋಡೋಣ’ ಎಂಬ ಸಾಲು ನಿಮ್ಮ ನೀತಿಯಲ್ಲಿದ್ದರೆ ಇವತ್ತೇ ಹೊಡೆದುಹಾಕಿ.