ಸುಣ್ಣದ ಕಲ್ಲಿನ ಕಡಲು: ಕೊಡಗಿನ ಓದುಗರು ಕೇಳಿದ್ದು

ಕಳೆದ ಸಂಚಿಕೆಯಲ್ಲಿ ಥಾಯ್ಲೆಂಡಿನ ಕ್ರಾಬಿ, ಫಾಂಗ್ ನಾ ಕಡೆಯ ದ್ವೀಪಗಳ ಬಗ್ಗೆ ಬರೆದಿದ್ದೆ. ಬ್ಯಾಂಕಾಕಿನಲ್ಲಿ ಕೆಲಸ, ಊರು ಮಡಿಕೇರಿ ಹತ್ತಿರ, ರಜೆ ಸಿಕ್ಕಿದಾಗೆಲ್ಲ ಆ ಕಡಲಿಗೆ ಓಡುವವಳು ನಾನು. ಕೊಡಗಿನಿಂದ ಬಂದ ಪ್ರಶ್ನೆಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಅಕ್ಕಾ, ಸಮುದ್ರದ ಮಧ್ಯೆ ಕಂಬದ ಹಾಗೆ ನಿಂತಿರುವುದು ಸುಣ್ಣದ ಕಲ್ಲು ಅಂತ ಬರೆದಿದ್ದೀರಿ. ನಾವು ತೋಟಕ್ಕೆ ಹಾಕುವ ಸುಣ್ಣ ಅದೇನಾ? (ಸುಂಟಿಕೊಪ್ಪದ ಓದುಗರು)

ಉತ್ತರ: ಅದೇ. ಮಣ್ಣಿನ ಹುಳಿ ತಗ್ಗಿಸಲು ಕಾಫಿ ಗಿಡದ ಬುಡಕ್ಕೆ ನಾವು ಎರಚುವ ಸುಣ್ಣವೇ ಅಲ್ಲಿ ನೂರಾರು ಅಡಿ ಎತ್ತರದ ಗೋಡೆಯಾಗಿ ನಿಂತಿದೆ. 25 ಕೋಟಿ ವರ್ಷಕ್ಕೂ ಹಿಂದೆ ಬೆಚ್ಚಗಿನ ಸಮುದ್ರದ ತಳದಲ್ಲಿ ಚಿಪ್ಪಿನ ಜೀವಿಗಳು ಸತ್ತು, ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು ಅದು. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಸುಡದ ಸುಣ್ಣಕಲ್ಲಿನ ಪುಡಿ ಒಂದು ಚಿಟಿಕೆ ತಟ್ಟೆಗೆ ಹಾಕಿ, ಮೇಲೆ ನಮ್ಮ ಅಡುಗೆಯ ಕಪ್ಪು ಹುಳಿರಸ ಕಾಚಂಪುಳಿ ಎರಡು ಹನಿ ಬಿಡಿ. ನೊರೆ ಏಳುತ್ತದೆ. ಮಳೆ ಮಾಡುವುದೂ ಇದನ್ನೇ, ಆದರೆ ತುಂಬಾ ನಿಧಾನಕ್ಕೆ: ಮಳೆ ನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಸ್ವಲ್ಪವೇ ಸ್ವಲ್ಪ ಹುಳಿಯಾಗುತ್ತದೆ, ಆ ಹುಳಿ ನೀರು ಕಲ್ಲಿನ ಬಿರುಕಿಗೆ ಇಳಿದು, ಬಿರುಕು ಅಗಲವಾಗಿ, ಕೊನೆಗೆ ಗುಹೆಯೇ ಆಗುತ್ತದೆ. ಬುಡವನ್ನು ಸಮುದ್ರ ಕೊರೆಯುತ್ತದೆ. ಕೋ ತಾಪು ಅನ್ನುವ ಕಲ್ಲು ಸುಮಾರು 20 ಮೀಟರ್ ಎತ್ತರ, ತಲೆ ದಪ್ಪ, ಕಾಲು ಸಣ್ಣ. ತಾಪು ಅಂದರೆ ಮೊಳೆ. ನೋಡಿದರೆ ಹೆಸರು ಯಾಕೆ ಬಂತು ಅಂತ ಯಾರೂ ಹೇಳಬೇಕಾಗಿಲ್ಲ.

ಕರಗುವ ಕಲ್ಲು ಅಂದ ಮಾತ್ರಕ್ಕೆ ಮೆದು ಅಂದುಕೊಳ್ಳಬೇಡಿ. ಮೊದಲ ಸಲ ಕಯಾಕ್‌ನಲ್ಲಿ ಹೋದಾಗ ದೋಣಿ ನಿಲ್ಲಿಸೋಣ ಅಂತ ಬಂಡೆಗೆ ಕೈ ಕೊಟ್ಟೆ. ನೀರಿನ ಮಟ್ಟದಲ್ಲಿ ಕಲ್ಲಿಗೆ ಸಿಂಪಿಗಳು ಕಚ್ಚಿಕೊಂಡಿರುತ್ತವೆ, ಅವುಗಳ ಅಂಚು ಬ್ಲೇಡಿನ ಹಾಗೆ. ಅಂಗೈ ಕುಯ್ದುಹೋಯಿತು, ಮೇಲೆ ಉಪ್ಪುನೀರಿನ ಉರಿ.

ಅಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ‘ಹೋಂಗ್’. ಥಾಯ್ ಭಾಷೆಯಲ್ಲಿ ಕೋಣೆ ಅಂತ ಅರ್ಥ. ಗುಹೆಯ ಮಾಡು ಕುಸಿದು ಸುತ್ತ ಗೋಡೆ ಮಾತ್ರ ಉಳಿದಿರುತ್ತದೆ, ಮೇಲೆ ಆಕಾಶ. ಒಳಗೆ ಹೋಗಲು ಒಂದು ತಗ್ಗಾದ ಸುರಂಗ. ಉಬ್ಬರದಲ್ಲಿ ಅದು ಮುಚ್ಚಿಹೋಗುತ್ತದೆ, ತೀರಾ ಇಳಿತವಾದರೆ ದೋಣಿ ಕೆಸರಿಗೆ ಕೂರುತ್ತದೆ, ಮಧ್ಯದ ಸ್ವಲ್ಪ ಹೊತ್ತು ಮಾತ್ರ ದಾರಿ. ದೋಣಿಯಲ್ಲಿ ಅಂಗಾತ ಮಲಗಬೇಕು, ಮೂಗಿನಿಂದ ಒಂದು ಗೇಣು ಮೇಲೆ ಕಲ್ಲು ಸರಿದು ಹೋಗುತ್ತಿರುತ್ತದೆ. ಆಮೇಲೆ ಒಮ್ಮೆಲೇ ಬೆಳಕು. ಒಳಗೆ ಕಾಂಡ್ಲಾ ಗಿಡಗಳು, ನಿಂತ ಹಸಿರು ನೀರು, ಎಲ್ಲೋ ಹನಿ ತೊಟ್ಟಿಕ್ಕುವ ಸದ್ದು. ನಮ್ಮ ದೇವರಕಾಡಿನೊಳಗೆ ಹೆಜ್ಜೆ ಇಟ್ಟಾಗ ದನಿ ತಾನಾಗಿ ತಗ್ಗುತ್ತದಲ್ವಾ, ಅಲ್ಲೂ ಹಾಗೇ ಆಯಿತು.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ಒಂದೇ ದಿನಕ್ಕೆ ನಾಲ್ಕು ದ್ವೀಪ ತೋರಿಸುವ ಪ್ಯಾಕೇಜ್ ಇದೆಯಂತೆ, ತಗೊಳ್ಳಬಹುದಾ? (ಸೋಮವಾರಪೇಟೆಯಿಂದ ಒಬ್ಬರು)

ಉತ್ತರ: ತಗೊಳ್ಳಬೇಡಿ. ಒಂದು ದ್ವೀಪದಲ್ಲಿ ಮುಕ್ಕಾಲು ಗಂಟೆ, ಅದರಲ್ಲಿ ಅರ್ಧ ದೋಣಿ ಹತ್ತಿ ಇಳಿಯುವುದಕ್ಕೇ ಹೋಗುತ್ತದೆ. ಅದರ ಬದಲು ಕ್ರಾಬಿಯ ‘ರೈಲೇ’ ಅನ್ನುವ ಕಡಲತೀರದಲ್ಲಿ ಎರಡು ರಾತ್ರಿ ಉಳಿಯಿರಿ. ಅದು ದ್ವೀಪವಲ್ಲ, ಆದರೆ ಹಿಂದೆ ಬಂಡೆಗೋಡೆ ಇರುವುದರಿಂದ ದೋಣಿಯಲ್ಲೇ ಹೋಗಬೇಕು. ಒಂದೇ ತೀರವನ್ನು ಉಬ್ಬರದಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ ನೋಡಿ. ಎರಡು ಬೇರೆ ಬೇರೆ ಊರು ಅನ್ನಿಸುತ್ತದೆ. ಅಲ್ಲೇ ಪಕ್ಕದಲ್ಲಿ ಫ್ರಾ ನಾಂಗ್ ಗುಹೆಯಿದೆ. ಮೀನುಗಾರರು ಅಲ್ಲಿನ ದೇವಿಗೆ ಮರದಲ್ಲಿ ಕೆತ್ತಿದ ಲಿಂಗಗಳನ್ನು ಹರಕೆ ಒಪ್ಪಿಸುತ್ತಾರೆ. ಅಯ್ಯಪ್ಪನಿಗೆ ಮಣ್ಣಿನ ನಾಯಿ ಹರಕೆ ಕೊಡುವ ನಮಗೆ ಅದು ವಿಚಿತ್ರ ಅನ್ನಿಸಬಾರದು. ದಯವಿಟ್ಟು ಅದರ ಮುಂದೆ ನಿಂತು ನಗುತ್ತಾ ಫೋಟೋ ತೆಗೆಸಿಕೊಳ್ಳಬೇಡಿ.

ತಿಂಗಳ ವಿಷಯ. ಆ ಕಡಲಿಗೂ ನಮಗೂ ಮಳೆ ತರುವುದು ಅದೇ ಮುಂಗಾರು, ಅಲ್ಲಿಗೆ ಮೇ ತಿಂಗಳಲ್ಲೇ ತಲುಪುತ್ತದೆ. ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ನಮಗೆ ಅದೇ ಕೊಯ್ಲಿನ ಕಾಲ, ತೋಟ ಬಿಟ್ಟು ಬರುವುದು ಕಷ್ಟ ಅಂತ ಗೊತ್ತು. ರೋಬಸ್ಟಾ ಕೊಯ್ಲು, ಹೂಮಳೆ ಎಲ್ಲ ಮುಗಿಸಿ ಏಪ್ರಿಲ್ ಮಧ್ಯಕ್ಕೆ ಬನ್ನಿ. ಸೆಕೆ ಜಾಸ್ತಿ, ಆದರೆ 13ರಿಂದ 15ರವರೆಗೆ ಅಲ್ಲಿ ಸೋಂಗ್‌ಕ್ರಾನ್, ಹೊಸ ವರ್ಷ. ನಮ್ಮ ಬಿಸು ಬರುವುದೂ ಆಗಲೇ. ಸೋಂಗ್‌ಕ್ರಾನ್ ಅಂದರೆ ನಮ್ಮ ಸಂಕ್ರಾಂತಿಯೇ, ಪದವೂ ಅದೇ. ಹಿರಿಯರ ಅಂಗೈಗೆ ಪರಿಮಳದ ನೀರು ಹನಿಸಿ ಆಶೀರ್ವಾದ ತಗೊಳ್ಳುತ್ತಾರೆ. ಆ ದಿನ ಊರಿನ ನೆನಪಾಗದೆ ಇರುವುದಿಲ್ಲ.

ಊಟಕ್ಕೂ ಚಿಂತೆ ಬೇಡ. ಅನ್ನ, ಮೀನು, ಕಣಿಲೆ ಸಾರು ಎಲ್ಲ ಸಿಗುತ್ತದೆ. ಅಲ್ಲಿನವರು ಸಾರಿಗೆ ಹಾಕುವ ಒಂದು ಹುಳಿ ನಮ್ಮ ಕಾಚಂಪುಳಿಯ ಬಳಗದ ಹಣ್ಣೇ.

ಪ್ರಶ್ನೆ: ಜನ ಜಾಸ್ತಿಯಾಗಿ ಒಂದು ಬೀಚನ್ನೇ ಮುಚ್ಚಿದ್ದರಂತೆ, ನಿಜವಾ? ನಮ್ಮಲ್ಲೂ ವಾರಾಂತ್ಯಕ್ಕೆ ರಸ್ತೆಯಲ್ಲಿ ನಡೆಯಲು ಜಾಗ ಇಲ್ಲ. (ಮಡಿಕೇರಿಯ ಓದುಗರು)

ಉತ್ತರ: ನಿಜ. ಫಿ ಫಿ ಲೇ ದ್ವೀಪದ ಮಾಯಾ ಕೊಲ್ಲಿ. ದಿನಕ್ಕೆ ಸಾವಿರಾರು ಜನ ಬಂದು, ದೋಣಿಗಳ ಲಂಗರು ಬಿದ್ದು ಹವಳ ಹಾಳಾಗಿತ್ತು. 2018ರ ಜೂನ್‌ನಲ್ಲಿ ಮುಚ್ಚಿದರು. ನಾಲ್ಕು ತಿಂಗಳಿಗೆ ಅಂತ ಮುಚ್ಚಿದ್ದು, ತೆರೆದದ್ದು 2022ರ ಜನವರಿಯಲ್ಲಿ. ಅಲ್ಲಿಂದ ದುಡಿಯುತ್ತಿದ್ದ ದೋಣಿಯವರಿಗೆ ನಷ್ಟ ಆಯಿತು, ಅದನ್ನು ಮರೆಯಬಾರದು. ಆದರೂ ಮುಚ್ಚಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ದ್ವೀಪದ ಹಿಂಬದಿಯಲ್ಲಿ ಇಳಿದು ಮರದ ಹಲಗೆಯ ದಾರಿಯಲ್ಲಿ ನಡೆದು ಬರಬೇಕು. ಈಜುವಂತಿಲ್ಲ. ನೀರಿಗೆ ಇಳಿದು ಹಾಳು ಮಾಡುವವರಿಲ್ಲದ ಮೇಲೆ ಕಪ್ಪು ತುದಿಯ ರೆಕ್ಕೆಯ ಸಣ್ಣ ಶಾರ್ಕ್‌ಗಳು ಮರಿ ಹಾಕಲು ವಾಪಸ್ ಬಂದಿವೆ. ನಾನು ಹೋದ ದಿನ ಮೊಣಕಾಲುದ್ದದ ನೀರಿನಲ್ಲಿ ಮೂರು ಮರಿಗಳು ದಡದ ಉದ್ದಕ್ಕೂ ಸುಮ್ನೆ ಸುತ್ತುತ್ತಿದ್ದವು, ಮರಳಿನ ಮೇಲೆ ಅವುಗಳ ನೆರಳೂ ಜೊತೆಗೇ ಹೋಗುತ್ತಿತ್ತು.