ದಿನಾ ಕುಡಿಯುವ ತಮ್ಮನ ಚಟವನ್ನು ಮೊಬೈಲ್ ಆ್ಯಪ್‌ನಿಂದ ಬಿಡಿಸಬಹುದಾ?

ಅಕ್ಕಾ, ನಿಮ್ಮ ತಮ್ಮ ಗೋವಾದ ವಾಸ್ಕೋದಲ್ಲಿದ್ದಾನೆ, ಬೆಳಿಗ್ಗೆ ಎದ್ದ ಕೂಡಲೇ ಕುಡಿಯುತ್ತಾನೆ, ಆಸ್ಪತ್ರೆ ಅಂದರೆ ಸಿಟ್ಟಾಗುತ್ತಾನೆ, ಫೋನ್ ಮಾತ್ರ ಕೈಯಿಂದ ಬಿಡಲ್ಲ, ಹಾಗಾದರೆ ಆ ಫೋನಿನಿಂದಲೇ ಕುಡಿತ ಬಿಡಿಸಬಹುದಾ ಅಂತ ಕೇಳಿದ್ದೀರಿ.

ನಾನು ರಾಣೆಬೆನ್ನೂರಿನವನು. ಝುವಾರಿನಗರದಲ್ಲಿ ಮನೆ, ಬಂದರಿನಲ್ಲಿ ಸರಕಿನ ಲೆಕ್ಕ ಬರೆಯುವ ಕೆಲಸ. ಕೊನೆಯ ಸಲ ಕುಡಿದು ನಾಲ್ಕು ವರ್ಷ ಆಯಿತು. ಫೋನಿನಿಂದ ನನಗೆ ತುಂಬಾ ಸಹಾಯ ಆಗಿದೆ. ಆದರೆ ಶುರು ಮಾತ್ರ ಫೋನಿನಿಂದ ಮಾಡಬೇಡಿ.

ನಾನು ಹಾಗೇ ಮಾಡಿದ್ದೆ. ಯಾರಿಗೂ ಹೇಳದೆ, ದಿನ ಎಣಿಸುವ ಒಂದು ಆ್ಯಪ್ ಹಾಕಿಕೊಂಡು ಒಮ್ಮೆಗೇ ನಿಲ್ಲಿಸಿದೆ. ರಾತ್ರಿಯೆಲ್ಲ ನಿದ್ದೆ ಇಲ್ಲ, ಕೈ ನಡುಕ, ಮೈಯೆಲ್ಲ ಬೆವರು. ಎರಡನೇ ದಿನ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದೆ. ಪಕ್ಕದ ಮನೆಯವರ ಗಾಡಿಯಲ್ಲಿ ನನ್ನನ್ನು ಬಾಂಬೋಲಿಂನ ಆಸ್ಪತ್ರೆಗೆ ಕರೆದುಕೊಂಡು ಹೋದರು. ವರ್ಷಗಟ್ಟಲೆ ಕುಡಿದವರು ಹೀಗೆ ತಟ್ಟನೆ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದೆಲ್ಲ ಕಾಣಿಸಬಹುದು, ಜೀವವೇ ಹೋಗಬಹುದು. ಅದನ್ನು ತಡೆಯಲು ಮಾತ್ರೆ ಇದೆ, ಥಯಾಮಿನ್ ಅನ್ನುವ ವಿಟಮಿನ್ ಇದೆ. ನಾಡಿ, ಬಿಪಿ ನೋಡಿ ಅದನ್ನು ಕೊಡಲು ಡಾಕ್ಟರೇ ಬೇಕು. ನಿಮ್ಮ ತಮ್ಮ ಬೆಳಿಗ್ಗೆಯೇ ಕುಡಿಯುವುದು ಆ ನಡುಕ ನಿಲ್ಲಿಸಲಿಕ್ಕೂ ಇರಬಹುದು. ನಾನು ಅದಕ್ಕೇ ಕುಡಿಯುತ್ತಿದ್ದೆ.

ಬಾಂಬೋಲಿಂನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ, ಐಪಿಎಚ್‌ಬಿ ಅಂತಾರೆ. ಅವನು ಬರಲ್ಲ ಅಂದರೆ ಮೊದಲು ನೀವೇ ಫೋನ್ ಮಾಡಿ. ಚಟ ಬಿಡಿಸುವ ಸಹಾಯವಾಣಿ 14446, ದುಡ್ಡು ಕೊಡಬೇಕಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಅದರಲ್ಲಿ ಕನ್ನಡವೂ ಇದೆ. ಮನೆಯವರೂ ಮಾತಾಡಬಹುದು.

ಬರೀ ಮಾತಿನಿಂದ ಏನಾಗುತ್ತೆ ಅನ್ನಬೇಡಿ. ಇದೇ ಗೋವಾದಲ್ಲಿ ಸಂಗಾತ್ ಸಂಸ್ಥೆಯವರು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 377 ಗಂಡಸರ ಜೊತೆ ಇದನ್ನು ಪರೀಕ್ಷೆ ಮಾಡಿದ್ದಾರೆ. ಮಾತಾಡಿಸಿದವರು ಡಾಕ್ಟರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತು. ಮೂರು ತಿಂಗಳ ನಂತರ ನೋಡಿದಾಗ, ಹಿಂದಿನ 14 ದಿನ ಒಂದು ಹನಿಯೂ ಮುಟ್ಟದವರು ಹೀಗೆ ಮಾತಾಡಿಸಿದ ಗುಂಪಿನಲ್ಲಿ ಶೇ. 42, ಮಾತಾಡಿಸದ ಗುಂಪಿನಲ್ಲಿ ಶೇ. 18. ಆದರೆ ಅವರು ನಿಮ್ಮ ತಮ್ಮನಷ್ಟು ಚಟ ಬಲಿತವರಲ್ಲ, ಅದು ನೆನಪಿರಲಿ.

ಫೋನ್ ನಿಜವಾಗಿ ಕೆಲಸಕ್ಕೆ ಬರುವುದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಅಮೆರಿಕದಲ್ಲಿ ಎ-ಚೆಸ್ ಅನ್ನುವ ಆ್ಯಪನ್ನು, ಚಿಕಿತ್ಸಾ ಕೇಂದ್ರದಿಂದ ಹೊರಬಂದ 349 ಜನರಲ್ಲಿ ಪರೀಕ್ಷಿಸಿದರು. 2014ರಲ್ಲಿ ಅದರ ಫಲಿತಾಂಶ ಬಂತು. ನಾವು ಮೊದಲು ಕುಡಿಯುತ್ತಿದ್ದ ಜಾಗದ ಹತ್ತಿರ ಹೋದರೆ ಅದು ಎಚ್ಚರಿಸುತ್ತದೆ, ಒಂದು ಬಟನ್ ಒತ್ತಿದರೆ ಸಹಾಯ ಸಿಗುತ್ತದೆ. ಆ್ಯಪ್ ಇದ್ದವರು ವಿಪರೀತ ಕುಡಿದ ದಿನಗಳು ತಿಂಗಳಿಗೆ ಸರಾಸರಿ 1.4, ಇಲ್ಲದವರದು 2.75. ನನ್ನ ಹತ್ತಿರ ಆ ಆ್ಯಪ್ ಇರಲಿಲ್ಲ. ಅದರ ಉಪಾಯ ಮಾತ್ರ ತೆಗೆದುಕೊಂಡೆ. ನನಗೆ ಕಷ್ಟದ ಹೊತ್ತು ಸಂಜೆ ಆರೂವರೆ, ಕೆಲಸ ಬಿಟ್ಟು ಬಸ್ಸಿಗೆ ನಡೆಯುವ ದಾರಿ. ಆ ಹೊತ್ತಿಗೆ ಅಲಾರಂ ಇಟ್ಟೆ. ಅಲಾರಂ ಹೊಡೆದ ಕೂಡಲೇ ಊರಲ್ಲಿರುವ ಅಕ್ಕನಿಗೆ ವಿಡಿಯೋ ಕಾಲ್. ಬಸ್ ಹತ್ತುವವರೆಗೂ ಅವಳು ಜೊತೆಗಿರುತ್ತಿದ್ದಳು. ಕುಡಿದೆಯಾ ಅಂತ ಒಂದು ದಿನವೂ ಕೇಳಲಿಲ್ಲ. "ಇವತ್ತ ಊಟಕ್ಕ ಏನಿತ್ತೋ?" ಅಂತಲೇ ಶುರು.

ಐದನೇ ತಿಂಗಳಲ್ಲಿ ಒಂದು ಮದುವೆಯಲ್ಲಿ ನಾನು ಮತ್ತೆ ಕುಡಿದೆ. ಆ್ಯಪಿನ ಲೆಕ್ಕ ಸೊನ್ನೆಗೆ ಬಂತು. ನೋಡಲಾಗದೆ ಅದನ್ನೇ ಕಿತ್ತುಹಾಕಿದೆ, ಅಲಾರಂ ಕೂಡ ತೆಗೆದೆ. ಆಗ ನನಗೆ ಇನ್ನೇನು ಮುಗಿಯಿತು ಅನ್ನಿಸಿತ್ತು. ಮರುದಿನ ಆರೂವರೆಗೆ ಅವಳೇ ಕಾಲ್ ಮಾಡಿದಳು. ಎಲ್ಲ ಹೇಳಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಡಾಕ್ಟರ್ ಕಡೆ ಹೋಗು, ಸಂಜಿಗೆ ನಾ ಮತ್ತ ಮಾಡ್ತೀನಿ" ಅಂದಳು. ಹೋದೆ. ನಿಮ್ಮ ತಮ್ಮನಿಗೆ ಯಾವ ಹೊತ್ತು ಕಷ್ಟ ಅಂತ ಕೇಳಿ ತಿಳಿದುಕೊಳ್ಳಿ ಅಕ್ಕಾ, ಆ ಹೊತ್ತಿಗೆ ನೀವು ಫೋನ್ ಮಾಡಿ.